ಸಾರಿಗೆ ನೌಕರರ ವೇತನ ಒಪ್ಪಂದ: ಮಾತುಕತೆಯಲ್ಲಿ ಸದಸ್ಯರ ಪಾಲೆಷ್ಟು?

ಹಿರೇಕೆರೂರು: ರೈಲು ನಿಲ್ದಾಣವಿಲ್ಲದ ಹಿರೇಕೆರೂರಿಗೆ ಸರ್ಕಾರಿ ಬಸ್ಸೇ ಆಧಾರ. ರಾಣೆಬೆನ್ನೂರು, ಹಾವೇರಿ, ಶಿಕಾರಿಪುರಗಳತ್ತ ಹೊರಡುವ ವಿದ್ಯಾರ್ಥಿಗಳು, ರೈತರು, ವ್ಯಾಪಾರಸ್ಥರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಆ ಬಸ್ಸುಗಳನ್ನು ನಡೆಸುವವರ ವೇತನ ನಿರ್ಧಾರವಾಗುವುದು ಇಲ್ಲಿನ ಘಟಕದಲ್ಲಾಗಲಿ, ಹಾವೇರಿಯ ವಿಭಾಗೀಯ ಕಚೇರಿಯಲ್ಲಾಗಲಿ, ಕೇಂದ್ರ ಕಚೇರಿಯಿರುವ ಹುಬ್ಬಳ್ಳಿಯಲ್ಲಾಗಲಿ ಅಲ್ಲ. ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಬೆಂಗಳೂರಿನಲ್ಲಿ. ಅಷ್ಟು ದೂರದಲ್ಲಿ ನಡೆಯುವ ಮಾತುಕತೆಯಲ್ಲಿ ಘಟಕದ ಚಾಲಕ, ನಿರ್ವಾಹಕ, ಮೆಕ್ಯಾನಿಕ್‌ಗಳ ದನಿ ಎಷ್ಟರಮಟ್ಟಿಗೆ ಇರುತ್ತದೆ ಎಂಬುದು ಪ್ರತಿ ಒಪ್ಪಂದದ ಕಾಲದಲ್ಲೂ ಏಳುವ ಪ್ರಶ್ನೆ.

ನಾಲ್ಕು ವರ್ಷಕ್ಕೊಮ್ಮೆ

ರಾಜ್ಯದ ನಾಲ್ಕು ಸಾರಿಗೆ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಅಧಿಕ ನೌಕರರಿದ್ದಾರೆ. ವಾಯವ್ಯ ಸಂಸ್ಥೆ 1997ರಲ್ಲಿ ಪ್ರತ್ಯೇಕಗೊಂಡಿತಾದರೂ ವೇತನ ಪರಿಷ್ಕರಣೆ ಮಾತ್ರ ನಾಲ್ಕೂ ಸಂಸ್ಥೆಗಳಿಗೆ ಒಟ್ಟಿಗೆ ಆಗುತ್ತದೆ. ನಾಲ್ಕು ವರ್ಷಗಳಿಗೊಮ್ಮೆ ಕಾರ್ಮಿಕ ಸಂಘಗಳು ಬೇಡಿಕೆ ಪಟ್ಟಿ ಸಲ್ಲಿಸಿ, ಆಡಳಿತ ವರ್ಗ ಹಾಗೂ ಸರ್ಕಾರದೊಂದಿಗೆ ಚರ್ಚಿಸಿ ಒಪ್ಪಂದಕ್ಕೆ ಬರುವುದು ರೂಢಿ.

2016ರ ಜುಲೈನಲ್ಲಿ ಶೇ 35ರಷ್ಟು ಹೆಚ್ಚಳ ಕೋರಿ ನೌಕರರು ಮೂರು ದಿನ ಮುಷ್ಕರ ಹೂಡಿದರು. ಶೇ 10ಕ್ಕೆ ಒಪ್ಪಿದ್ದ ಸರ್ಕಾರ ಕೊನೆಗೆ ಶೇ 12.5ಕ್ಕೆ ಬಂದಿತು. ಮುಂದಿನ ಪರಿಷ್ಕರಣೆ 2020ರ ಜನವರಿ 1ರಿಂದ ಆಗಬೇಕಿತ್ತು. ಅದು ಆಗಲಿಲ್ಲ.

ಮುಖಂಡರು ಒಪ್ಪಿದರು, ಸದಸ್ಯರು ಒಪ್ಪಲಿಲ್ಲ

2020ರ ಡಿಸೆಂಬರ್‌ನ ಮುಷ್ಕರ ಈ ವಿಷಯದಲ್ಲಿ ದೊಡ್ಡ ಪಾಠ. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂಬುದು ಮುಷ್ಕರನಿರತರ ಮುಖ್ಯ ಬೇಡಿಕೆಯಾಗಿತ್ತು. ಡಿಸೆಂಬರ್ 13ರಂದು ಅಂದಿನ ಸಾರಿಗೆ ಸಚಿವ ಲಕ್ಷ್ಮಣ ಸವದಿ ಅವರೊಂದಿಗೆ ಮಾತುಕತೆ ನಡೆದು, ಮುಷ್ಕರ ಮುಗಿಯಿತೆಂಬ ಸುದ್ದಿ ಹೊರಬಿದ್ದಿತು. ಆದರೆ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಸೇರಿದ್ದ ನೌಕರರು ಅದನ್ನು ಒಪ್ಪಲಿಲ್ಲ. ನೇತೃತ್ವ ವಹಿಸಿದ್ದ ಕೋಡಿಹಳ್ಳಿ ಚಂದ್ರಶೇಖರ್ ಮುಷ್ಕರ ಮುಂದುವರಿಯಲಿದೆ ಎಂದು ಪ್ರಕಟಿಸಬೇಕಾಯಿತು. ಲಿಖಿತ ಭರವಸೆ ದೊರೆತ ಬಳಿಕ ಮರುದಿನ ಬಸ್ಸುಗಳು ರಸ್ತೆಗಿಳಿದವು. ಮೇಜಿನ ಮೇಲೆ ಏನು ನಡೆಯುತ್ತಿದೆ ಎಂಬುದು ಸದಸ್ಯರಿಗೆ ಕಾಲಕಾಲಕ್ಕೆ ತಿಳಿಯದಿದ್ದರೆ, ಮುಖಂಡರ ಒಪ್ಪಿಗೆಗೂ ಬೆಲೆ ಉಳಿಯದು ಎಂಬುದಕ್ಕೆ ಇದು ನಿದರ್ಶನ.

2021ರ ಏಪ್ರಿಲ್ 7ರಿಂದ ನಡೆದ ಎರಡು ವಾರಗಳ ಮುಷ್ಕರ ಇನ್ನಷ್ಟು ದುಬಾರಿಯಾಯಿತು. ಅನೇಕ ನೌಕರರು ವಜಾ, ಅಮಾನತು, ವರ್ಗಾವಣೆಗಳಿಗೆ ಗುರಿಯಾದರು. ವೇತನದ ಪ್ರಶ್ನೆ ಇತ್ಯರ್ಥವಾಗದೇ ಉಳಿಯಿತು.

ಶೇಕಡಾವಾರಿಗಿಂತ ದಿನಾಂಕ ಮುಖ್ಯ

ಕೊನೆಗೆ 2023ರ ಮಾರ್ಚ್ 17ರಂದು ಸರ್ಕಾರವೇ ಮೂಲ ವೇತನದಲ್ಲಿ ಶೇ 15ರಷ್ಟು ಹೆಚ್ಚಳದ ಆದೇಶ ಹೊರಡಿಸಿತು. ಅದು ಜಾರಿಗೆ ಬಂದದ್ದು 2023ರ ಮಾರ್ಚ್ 1ರಿಂದ. 2020ರ ಜನವರಿಯಿಂದ 2023ರ ಫೆಬ್ರುವರಿವರೆಗಿನ 38 ತಿಂಗಳ ಹಿಂಬಾಕಿ ವಿವಾದವಾಗಿ ಉಳಿಯಿತು.

ಇದರ ಭಾರವೆಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಮೂಲ ವೇತನ 20,000 ರೂಪಾಯಿ ಎಂದಿಟ್ಟುಕೊಂಡರೆ ಶೇ 15ರ ಹೆಚ್ಚಳ ತಿಂಗಳಿಗೆ 3,000 ರೂಪಾಯಿ. 38 ತಿಂಗಳಿಗೆ ಅದು 1,14,000 ರೂಪಾಯಿ, ತುಟ್ಟಿಭತ್ಯೆ ಬೇರೆ. ಶೇಕಡಾ ಎಷ್ಟು ಎಂದು ಕೇಳುವ ಸದಸ್ಯ, ಎಂದಿನಿಂದ ಎಂದೂ ಕೇಳಬೇಕಾದದ್ದು ಈ ಕಾರಣಕ್ಕೆ.

ಈ ಹಿಂಬಾಕಿ ಹಾಗೂ 2024ರ ಜನವರಿ 1ರಿಂದ ಬರಬೇಕಿದ್ದ ಹೊಸ ಪರಿಷ್ಕರಣೆಗಾಗಿ 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರ ಆರಂಭವಾಯಿತು. ಹೈಕೋರ್ಟ್ ಮಧ್ಯಪ್ರವೇಶದಿಂದ ಅದು ಅಂದೇ ಸ್ಥಗಿತಗೊಂಡಿತು.

ಕಾನೂನು ಹೇಳುವುದೇನು?

1947ರ ಕೈಗಾರಿಕಾ ವಿವಾದ ಕಾಯ್ದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸದಸ್ಯರು ಅರಿತಿರಬೇಕಾದ ಅಂಶಗಳಿವು:

* ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ, ಶೇ 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘಕ್ಕೆ ಮಾತುಕತೆಯ ಏಕೈಕ ಅಧಿಕಾರ.
* ಯಾವ ಸಂಘಕ್ಕೂ ಅಷ್ಟು ಬೆಂಬಲವಿಲ್ಲದಿದ್ದರೆ ಮಾತುಕತೆ ಮಂಡಳಿ ರಚನೆ. ಕನಿಷ್ಠ ಶೇ 20ರಷ್ಟು ಬೆಂಬಲವುಳ್ಳ ಸಂಘಕ್ಕೆ ಅದರಲ್ಲಿ ಸ್ಥಾನ. ಪ್ರತಿ ಶೇ 20ಕ್ಕೆ ಒಬ್ಬ ಪ್ರತಿನಿಧಿ.
* ಸಂಧಾನಾಧಿಕಾರಿಯ ಸಮ್ಮುಖದಲ್ಲಿ ಆದ ಒಪ್ಪಂದ ಸಂಘಕ್ಕೆ ಸೇರದವರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯ.
* ಮುಷ್ಕರಕ್ಕೆ ಕನಿಷ್ಠ 14 ದಿನಗಳ ಮುನ್ಸೂಚನೆ ಕಡ್ಡಾಯ. ಸಂಧಾನ ನಡೆಯುತ್ತಿರುವಾಗ ಮುಷ್ಕರ ನಿಷಿದ್ಧ.

ಅರ್ಥಾತ್, ಮಾತುಕತೆಗೆ ಯಾರು ಕೂರಬೇಕೆಂಬುದನ್ನು ನಿರ್ಧರಿಸುವುದು ಸದಸ್ಯತ್ವದ ಬಲ. ಹಲವು ಸಂಘಗಳಲ್ಲಿ ಹಂಚಿಹೋಗಿರುವ ಸಾರಿಗೆ ನೌಕರರಿಗೆ ಇದು ಗಮನಾರ್ಹ. ದೂರ ಉಳಿದವನನ್ನೂ ಒಪ್ಪಂದ ಕಟ್ಟಿಹಾಕುತ್ತದೆ. ಅವನ ಅಭಿಪ್ರಾಯವನ್ನು ಮಾತ್ರ ಕೇಳಿರುವುದಿಲ್ಲ.

ಘಟಕದಲ್ಲೇ ಆರಂಭವಾಗಲಿ

ಬೇಡಿಕೆ ಪಟ್ಟಿಯ ಅನೇಕ ಸಂಗತಿಗಳು ಘಟಕದವರಿಗಷ್ಟೇ ಗೊತ್ತಿರುತ್ತವೆ. ಮಾರ್ಗವೊಂದಕ್ಕೆ ಫಾರಂ-4ರಲ್ಲಿ ನಿಗದಿಪಡಿಸಿದ ಓಡಾಟದ ಸಮಯ ಇಂದಿನ ರಸ್ತೆ, ಜನದಟ್ಟಣೆಗಳಿಗೆ ಸಾಲುತ್ತದೆಯೇ? ಹಳ್ಳಿಗೆ ಹೋಗುವ ವಸ್ತಿ ಬಸ್ಸಿನ ಸಿಬ್ಬಂದಿ ರಾತ್ರಿ ಮಲಗುವುದೆಲ್ಲಿ? ಮಹಿಳಾ ನಿರ್ವಾಹಕರಿಗೆ ನಿಲ್ದಾಣಗಳಲ್ಲಿ ಶೌಚಾಲಯ, ವಿಶ್ರಾಂತಿ ಕೊಠಡಿಗಳಿವೆಯೇ? ರಜೆ ಕೇಳಿದಾಗ ಸಿಗುತ್ತದೆಯೇ? ದಿನಾಂಕ, ಮಾರ್ಗ, ಗಂಟೆಗಳ ಸಮೇತ ಇವನ್ನು ಬರೆದಿಟ್ಟರೆ ಅದು ದೂರಾಗಿ ಉಳಿಯದೆ ಮಾತುಕತೆಯ ಮೇಜಿನಲ್ಲಿ ಸಾಕ್ಷ್ಯವಾಗುತ್ತದೆ.

ಪಾಳಿಯ ಕೆಲಸದವರೆಲ್ಲ ಒಂದೇ ಸಭೆಗೆ ಬರಲಾರರು. ಆದ್ದರಿಂದ ಪಾಳಿವಾರು ಸಣ್ಣ ಸಭೆಗಳೇ ಸೂಕ್ತ. ಚಾಲಕರು, ನಿರ್ವಾಹಕರು, ಕಾರ್ಯಾಗಾರದವರು, ಕಚೇರಿ ಸಿಬ್ಬಂದಿ — ಪ್ರತಿ ವರ್ಗದಿಂದ ಒಬ್ಬೊಬ್ಬರು ಪ್ರತಿನಿಧಿಯಾದರೆ ಸುದ್ದಿ ಎರಡೂ ಕಡೆಗೆ ಹರಿಯುತ್ತದೆ. ಪ್ರತಿ ಸುತ್ತಿನ ಬಳಿಕ ಒಪ್ಪಿದ್ದೇನು, ಉಳಿದದ್ದೇನು, ಬಿಟ್ಟುಕೊಟ್ಟದ್ದೇನು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಘಟಕದ ಸಂಘದ ಫಲಕಕ್ಕೆ ಹಚ್ಚುವುದು ವದಂತಿಗೆ ಮದ್ದು.

ಸಹಿಗೆ ಮುನ್ನ ಕರಡನ್ನು ಸದಸ್ಯರ ಮತಕ್ಕೆ ಹಾಕಬೇಕೆಂದು ಕಾನೂನು ಕಡ್ಡಾಯಪಡಿಸಿಲ್ಲ. ಆದರೆ ಸಂಘದ ನಿಯಮಾವಳಿಯಲ್ಲಿ ಅದನ್ನು ಸೇರಿಸಲು ಅಡ್ಡಿಯೂ ಇಲ್ಲ. ವಸ್ತಿಗೆ ಹೋದವರೂ ಮತ ಹಾಕುವಂತೆ ಎರಡು ದಿನ ಅವಕಾಶವಿದ್ದರೆ ಒಳಿತು.

ಇಂಥ ಮತದಿಂದ ಕೇಳಿದ್ದೆಲ್ಲ ದೊರೆಯುತ್ತದೆಂಬ ಖಾತರಿಯಿಲ್ಲ. ಸಂಸ್ಥೆಯ ಆದಾಯ, ಸರ್ಕಾರದ ಅನುದಾನಗಳ ಮಿತಿ ಇದ್ದೇ ಇರುತ್ತದೆ. ಆದರೆ ಸದಸ್ಯರು ಓದಿ, ಚರ್ಚಿಸಿ, ಒಪ್ಪಿದ ಒಪ್ಪಂದ ಸಂಜೆಗೆ ಮುರಿಯುವುದಿಲ್ಲ. ಅದರ ಲಾಭ ನೌಕರರಿಗಷ್ಟೇ ಅಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯುವ ಹಿರೇಕೆರೂರಿನ ಪ್ರಯಾಣಿಕರಿಗೂ ಉಂಟು.