ಮುಂಬೈನ ಮರಾಠಿ ಕ್ರೈಸ್ತ ಸಭೆ: ಪುಟ್ಟ ಸಮುದಾಯವೊಂದರ ಇನ್ನೂರು ವರ್ಷಗಳ ಹಾದಿ

ಮುಂಬೈನ ಕ್ರೈಸ್ತರೆಂದರೆ ನಮಗೆ ಮೊದಲು ನೆನಪಾಗುವುದು ಬಾಂದ್ರಾದ ಮೌಂಟ್ ಮೇರಿ ಜಾತ್ರೆ, ವಸಯಿಯ ಹಳೆಯ ಇಗರ್ಜಿಗಳು. ಇದೇ ನಗರದಲ್ಲಿ ಮರಾಠಿಯಲ್ಲಿ ಪ್ರಾರ್ಥಿಸುವ ಪುಟ್ಟ ಪ್ರೊಟೆಸ್ಟೆಂಟ್ ಸಮುದಾಯವೂ ಇದೆ. ಅದರ ಮೂಲ ಅಮೆರಿಕನ್ ಮರಾಠಿ ಮಿಷನ್.

ಆರಂಭ ಹೇಗೆ?

ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ ಮುಂಬೈಗೆ ಬಂದಿಳಿದದ್ದು 1813ರ ಫೆಬ್ರವರಿಯಲ್ಲಿ. ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು ಇದಾಗಿ 21 ವರ್ಷಗಳ ನಂತರ. ಈಸ್ಟ್ ಇಂಡಿಯಾ ಕಂಪನಿ ಇವರನ್ನು ಹೊರಗಟ್ಟಲು ನೋಡಿತು. ಆದರೆ ಗವರ್ನರ್ ಇವಾನ್ ನೆಪಿಯನ್ ಮೃದುವಾಗಿ ನಡೆದುಕೊಂಡರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಂಪನಿಯ ಸನ್ನದು ನವೀಕರಿಸುವಾಗ ಮಿಷನರಿಗಳಿಗೆ ದಾರಿ ತೆರೆಯಿತು. 1826ರಲ್ಲಿ ಹಾಲ್ ಕಾಲರಾಕ್ಕೆ ಬಲಿಯಾದರು.

ಶಾಲೆ, ಮುದ್ರಣಾಲಯ, ಪ್ರಾರ್ಥನೆ

ಮತಾಂತರವಾದವರು ಬೆರಳೆಣಿಕೆಯಷ್ಟು. ಆದರೆ ಶಾಲೆಗಳು ಬೆಳೆದವು. ಬೆನೆ ಇಸ್ರೇಲ್ ಯಹೂದಿಗಳ ಮಕ್ಕಳೂ ಅಲ್ಲಿ ಕಲಿತರು. 1824ರಲ್ಲಿ ಮಿಷನ್ ಮುಂಬೈಯಲ್ಲಿ ಬಾಲಕಿಯರ ಶಾಲೆ ತೆರೆಯಿತು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದನ್ನೇ ಜನ ಒಪ್ಪದ ಕಾಲವದು. ಮಿಷನ್‌ನ ಮುದ್ರಣಾಲಯದಿಂದ ಮರಾಠಿ ಪುಸ್ತಕಗಳು ಹೊರಬಂದವು.

ಇದು ಕಾಂಗ್ರಿಗೇಷನಲ್ ಪಂಥದ ಮಿಷನ್. ಬಿಷಪ್ ಇಲ್ಲ, ಸಭೆಯ ಸದಸ್ಯರೇ ಸಭಾಪಾಲಕರನ್ನು ಆರಿಸುವುದು ತತ್ವ. ಪ್ರಭುಭೋಜನಕ್ಕೆ ಎಲ್ಲ ಜಾತಿಯವರೂ ಒಂದೇ ಕಡೆ ಸೇರಬೇಕಿತ್ತು. ಹೇಳುವುದು ಸುಲಭ, ನಡೆಸುವುದು ಕಷ್ಟ.

ತಿಲಕ್ ದಂಪತಿಯ ಕಥೆ

ಚಿತ್ಪಾವನ ಬ್ರಾಹ್ಮಣ ಕವಿ ನಾರಾಯಣ ವಾಮನ ತಿಲಕ್ 1895ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ಪಡೆದರು. ಪತ್ನಿ ಲಕ್ಷ್ಮೀಬಾಯಿ ಅವರನ್ನು ಹಿಂಬಾಲಿಸಿದ್ದು ಐದು ವರ್ಷಗಳ ನಂತರ. ಮಡಿ-ಮೈಲಿಗೆ ಬಿಟ್ಟು ಎಲ್ಲರ ಕೈಯ ನೀರು ಕುಡಿಯಲು ಮನಸ್ಸು ಮಾಡಿದ ಬಗೆಯನ್ನು ಅವರು ತಮ್ಮ ಆತ್ಮಕಥೆ 'ಸ್ಮೃತಿಚಿತ್ರೆ'ಯಲ್ಲಿ ಬರೆದಿದ್ದಾರೆ. ಗಂಡನ ಮತಾಂತರದಿಂದ ಒಡೆದ ಸಂಸಾರದ ನೋವೂ ಅಲ್ಲಿದೆ.

ತಿಲಕ್ ಭಜನೆ, ಅಭಂಗ, ಕೀರ್ತನೆಗಳ ಧಾಟಿಯನ್ನು ಸಭೆಗೆ ತಂದರು. ವಿದೇಶಿ ರಾಗಗಳ ಜೊತೆ ತಾಳ, ತಂಬೂರಿಗಳೂ ಆರಾಧನೆಯಲ್ಲಿ ಸೇರಿದವು.

ಸಭೆ ಯಾರದು?

ಸ್ವಯಮಾಡಳಿತದ ತತ್ವವಿದ್ದರೂ ಹಣ, ಅಧಿಕಾರದ ಬೇರು ಅಮೆರಿಕದ ಬಾಸ್ಟನ್‌ನಲ್ಲಿತ್ತು. ಈ ಇಕ್ಕಟ್ಟು ತಿಲಕರನ್ನೂ ಕಾಡಿತು. 1917ರಲ್ಲಿ ಅವರು ಮಿಷನ್ ಕೆಲಸ ಬಿಟ್ಟು ಸಾತಾರಾದಲ್ಲಿ 'ದೇವಾಚಾ ದರಬಾರ್' ಆರಂಭಿಸಿದರು. ಅದರಲ್ಲಿ ದೀಕ್ಷಾಸ್ನಾನ ಪಡೆದವರಿಗೂ ಪಡೆಯದವರಿಗೂ ಜಾಗವಿತ್ತು. ಎರಡೇ ವರ್ಷಗಳಲ್ಲಿ, 1919ರಲ್ಲಿ, ಅವರು ಮುಂಬೈಯಲ್ಲಿ ತೀರಿಕೊಂಡರು.

ಮುಂದೆ ಕಾಂಗ್ರಿಗೇಷನಲ್ ಸಭೆಗಳು 1924ರಲ್ಲಿ ಪ್ರೆಸ್ಬಿಟೇರಿಯನ್ನರೊಂದಿಗೆ ಸೇರಿ ಉತ್ತರ ಭಾರತದ ಸಂಯುಕ್ತ ಸಭೆಯಾದವು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಹುಟ್ಟಿದ ಚರ್ಚ್ ಆಫ್ ನಾರ್ತ್ ಇಂಡಿಯಾದಲ್ಲಿ ಆ ಸಂಯುಕ್ತ ಸಭೆ ವಿಲೀನವಾಯಿತು. ಆಡಳಿತ ಈಗ ಭಾರತೀಯರ ಕೈಯಲ್ಲಿದೆ. ತಿಲಕರ ಹಾಡುಗಳು ಮರಾಠಿ ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತವೆ.