ಭಯಕ್ಕೂ ಜ್ವರಕ್ಕೂ ಇರುವ ನಂಟು: ಸಾವಿರ ವರ್ಷಗಳ ಶೋಧ



ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಒಬ್ಬರಿಗಾದರೂ ನೆಗಡಿ, ಜ್ವರ ಬರುತ್ತದೆ. "ಓದಾಕ ಬ್ಯಾಸರ, ಅದಕ್ಕ ನೆವ ಹೇಳ್ತಾನ" ಎಂದು ಹಿರಿಯರು ಗದರಿಸುತ್ತಾರೆ. ಹಾಸಿಗೆ ಹಿಡಿದ ಅತ್ತೆ ಮಾವಂದಿರ ಸೇವೆಯಲ್ಲಿ ವರ್ಷಗಟ್ಟಲೆ ದಣಿದ ತಾಯಿಯ ಗಾಯ ಬೇಗ ಮಾಯದಿದ್ದರೆ ಯಾರೂ ಅದನ್ನು ಗಮನಿಸುವುದಿಲ್ಲ. ಇವೆಲ್ಲ ಬರೀ ನೆವವೇ? ಅಥವಾ ದೇಹದೊಳಗೆ ಇದಕ್ಕೊಂದು ನಿಯಮವಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಅರಿಯಬೇಕು. ಏಕೆಂದರೆ ಆ ಇತಿಹಾಸದ ಮೊದಲ ಪುಟಗಳಲ್ಲಿ ನಮ್ಮ ಪೂರ್ವಜ ವಿದ್ವಾಂಸರ ಹೆಸರುಗಳೂ ಇವೆ.

ಹಕೀಮರ ಕಾಲ

ಬಲ್ಖ್ ಪ್ರಾಂತದ ಅಬೂ ಝೈದ್ ಅಲ್ ಬಲ್ಖಿ (ನಿಧನ 934) 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಎಂಬ ಗ್ರಂಥ ಬರೆದರು. ಅದರಲ್ಲಿ ಎರಡು ಭಾಗಗಳಿವೆ: ಒಂದು ದೇಹದ ಆರೋಗ್ಯಕ್ಕೆ, ಇನ್ನೊಂದು ಮನಸ್ಸಿನ ಆರೋಗ್ಯಕ್ಕೆ. ದೇಹ ಕೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ದೇಹ ಕೆಡುತ್ತದೆ ಎಂಬುದು ಅವರ ವಾದದ ತಿರುಳು. ಅವರ ಸಮಕಾಲೀನರಾದ ಮಹಾವೈದ್ಯ ಅಲ್ ರಾಝಿ, ವಸಂತದಲ್ಲಿ ಗುಲಾಬಿ ಮೂಸಿದರೆ ಇದೇ ಬಲ್ಖಿಯವರಿಗೆ ನೆಗಡಿ ಬರುವುದೇಕೆಂದು ಒಂದು ಕಿರುಹೊತ್ತಿಗೆಯನ್ನೇ ಬರೆದರು. ಇಂದು ನಾವು ಅಲರ್ಜಿ ಎನ್ನುವುದನ್ನು ವಿವರಿಸಿದ ಹಳೆಯ ಬರಹಗಳಲ್ಲಿ ಇದೂ ಒಂದು.

ಇಬ್ನ್ ಸೀನಾ (980–1037) ತಮ್ಮ 'ಅಲ್ ಖಾನೂನ್'ನಲ್ಲಿ ಮನಸ್ಸಿನ ಕಳವಳವನ್ನು ನಾಡಿಬಡಿತದಿಂದಲೇ ಗುರುತಿಸುವ ಬಗೆಯನ್ನು ಹೇಳಿದ್ದಾರೆ. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅವಶ್ಯ ಕಾರಣಗಳಿವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಸಿಟ್ಟು, ಭಯ, ದುಃಖಗಳಿಗೆ ಅನ್ನ ಮತ್ತು ಗಾಳಿಯ ಸಾಲಿನಲ್ಲೇ ಸ್ಥಾನ ಕೊಟ್ಟದ್ದನ್ನು ಗಮನಿಸಿ.

ನಮ್ಮ ವಿಜಯಪುರಕ್ಕೂ ಈ ವೈದ್ಯಪರಂಪರೆಯ ನಂಟಿದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದ ಇತಿಹಾಸಕಾರ ಫರಿಷ್ತಾ ಭಾರತೀಯ ವೈದ್ಯದ ಬಗ್ಗೆ 'ದಸ್ತೂರುಲ್ ಅತಿಬ್ಬಾ' ಎಂಬ ಪಾರಸಿ ಗ್ರಂಥವನ್ನೂ ಬರೆದನು. ಇಲ್ಲಿ ಹಕೀಮರ ವಿದ್ಯೆಯೂ ವೈದ್ಯರ ವಿದ್ಯೆಯೂ ಒಂದನ್ನೊಂದು ಓದಿಕೊಂಡವು.

ನರಗಳಿಗೆ ಹೆಸರು ಬಂದದ್ದು

ಅನುಭವದಿಂದ ಕಂಡದ್ದಕ್ಕೆ ದೇಹದೊಳಗಿನ ದಾರಿ ಸಿಕ್ಕದ್ದು ಬಹಳ ತಡವಾಗಿ. 1732ರಲ್ಲಿ ಪ್ಯಾರಿಸ್ಸಿನ ಅಂಗರಚನಾ ಶಾಸ್ತ್ರಜ್ಞ ವಿನ್‌ಸ್ಲೊ ಬೆನ್ನುಮೂಳೆಯ ಎರಡೂ ಬದಿಗೆ ಸರಪಳಿಯಂತೆ ಇಳಿಯುವ ನರಕ್ಕೆ 'ಸಿಂಪಥೆಟಿಕ್' ಎಂಬ ಹೆಸರನ್ನು ರೂಢಿಗೆ ತಂದನು. ಒಂದು ಅಂಗದ ನೋವಿಗೆ ಇನ್ನೊಂದು ಅಂಗ ಅನುಕಂಪ ತೋರುತ್ತದೆ ಎಂಬ ಭಾವನೆ ಆ ಹೆಸರಿನಲ್ಲಿದೆ. ಕನ್ನಡದಲ್ಲಿ ಇದನ್ನು ಅನುವೇದನಾ ನರವ್ಯೂಹ ಎನ್ನುತ್ತೇವೆ. ಇದು ನಮ್ಮ ಇಚ್ಛೆಗೆ ಕಾಯದೆ ತಾನೇ ಕೆಲಸ ಮಾಡುತ್ತದೆ.

1915ರಲ್ಲಿ ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಈ ನರವ್ಯೂಹದ ಕೆಲಸವನ್ನು ಸ್ಪಷ್ಟವಾಗಿ ವಿವರಿಸಿದನು. ಅಪಾಯ ಬಂದಾಗ ಅದು ದೇಹವನ್ನು ಹೋರಾಟಕ್ಕೆ ಅಥವಾ ಓಟಕ್ಕೆ ಸಿದ್ಧಗೊಳಿಸುತ್ತದೆ. 2024ರ ಏಪ್ರಿಲ್ 3ರಂದು ನಮ್ಮ ಲಚ್ಯಾಣದಲ್ಲಿ ಒಂದು ಮಗು ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಮರುದಿನ ಜೀವಂತವಾಗಿ ಹೊರಬಂದುದನ್ನು ನೀವು ಮರೆತಿರಲಾರಿರಿ. ಆ ಹೊತ್ತಿನಲ್ಲಿ ಎದೆ ಬಡಿದುಕೊಂಡದ್ದು, ಬಾಯಿ ಒಣಗಿದ್ದು, ನಿದ್ದೆ ಹಾರಿಹೋದದ್ದು ಇದೇ ನರವ್ಯೂಹದ ಕೆಲಸ.

ಈ ನರಗಳ ತುದಿಯಿಂದ ಹೊರಬರುವ ರಾಸಾಯನಿಕ ನಾರ್‌ಅಡ್ರಿನಲಿನ್ ಎಂದು 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ತೋರಿಸಿದನು. ಅದಕ್ಕಾಗಿ 1970ರಲ್ಲಿ ನೊಬೆಲ್ ಬಹುಮಾನದ ಪಾಲು ಪಡೆದನು.

ಎರಡು ಇಲಾಖೆಗಳ ನಡುವಿನ ತಂತಿ

ಆದರೂ ಬಹುಕಾಲ ವಿಜ್ಞಾನಿಗಳು ನರವ್ಯೂಹವೇ ಬೇರೆ, ರೋಗನಿರೋಧಕ ವ್ಯವಸ್ಥೆಯೇ ಬೇರೆ ಎಂದು ನಂಬಿದ್ದರು. 1975ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ರಾಬರ್ಟ್ ಏಡರ್ ಮತ್ತು ನಿಕೊಲಸ್ ಕೋಹೆನ್ ಇಲಿಗಳಿಗೆ ಸಿಹಿನೀರಿನ ಜೊತೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಕೊಟ್ಟರು. ನಂತರ ಬರೀ ಸಿಹಿನೀರು ಕೊಟ್ಟಾಗಲೂ ಆ ಶಕ್ತಿ ಕುಗ್ಗಿತು! ಮಿದುಳು ಕಲಿತ ಪಾಠವನ್ನು ರಕ್ತವೂ ಕೇಳುತ್ತದೆ ಎಂಬುದು ಸಾಬೀತಾಯಿತು.

ಆದರೆ ಸುದ್ದಿ ಮುಟ್ಟಿಸುವ ತಂತಿ ಯಾವುದು? 1979ರಲ್ಲಿ ಬೆಸೆಡೊವ್‌ಸ್ಕಿ ಮತ್ತು ಸಂಗಡಿಗರು ಅನುವೇದನಾ ನರಗಳು ರೋಗನಿರೋಧಕ ಪ್ರತಿಕ್ರಿಯೆಯನ್ನು ಹತೋಟಿಯಲ್ಲಿಡುತ್ತವೆ ಎಂದು ತೋರಿಸಿದರು. 1981ರಲ್ಲಿ ಡೇವಿಡ್ ಫೆಲ್ಟನ್ ತಂಡ ಇಲಿಗಳ ಗುಲ್ಮ ಮತ್ತು ಥೈಮಸ್‌ನಲ್ಲಿ ಈ ನರಗಳ ಎಳೆಗಳನ್ನು ಕಂಡಿತು. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳ ಮೈಮೇಲೆ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಗ್ರಹಿಸುವ ಬಾಗಿಲುಗಳೂ ಇವೆ.

ಇದರ ಪರಿಣಾಮ ಎರಡು ಬಗೆ. ಭಯ ಕ್ಷಣಿಕವಾದರೆ ಗುಲ್ಮ ಮತ್ತು ರಕ್ತನಾಳಗಳಲ್ಲಿ ನಿಂತಿದ್ದ ಬಿಳಿಕಣಗಳು ನಿಮಿಷಗಳಲ್ಲಿ ರಕ್ತಕ್ಕೆ ಇಳಿಯುತ್ತವೆ. ಗಾಯವಾದರೆ ಕಾವಲಿರಲಿ ಎಂದು ಅಲ್ಲಾಹನು ಇಟ್ಟ ವ್ಯವಸ್ಥೆ ಇದು. ಆದರೆ ಚಿಂತೆ ತಿಂಗಳುಗಟ್ಟಲೆ ಮುಂದುವರಿದರೆ ಅದೇ ಸಂಕೇತ ಹೊರೆಯಾಗುತ್ತದೆ. ವೈರಾಣುಗಳನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ, ಬೇಡದ ಉರಿಯೂತ ಹೆಚ್ಚುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನೂ ಇದರಲ್ಲಿ ಕೈಜೋಡಿಸುತ್ತದೆ.

ವಿದ್ಯಾರ್ಥಿಗಳೇ ಸಾಕ್ಷಿ

1984ರಲ್ಲಿ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್ ಗ್ಲೇಸರ್ ಮತ್ತು ಸಂಗಡಿಗರು ಮೊದಲ ವರ್ಷದ 75 ವೈದ್ಯ ವಿದ್ಯಾರ್ಥಿಗಳ ರಕ್ತವನ್ನು ಪರೀಕ್ಷೆಗೆ ಒಂದು ತಿಂಗಳು ಮೊದಲು ಮತ್ತು ಪರೀಕ್ಷೆಯ ಸಮಯದಲ್ಲಿ ತಪಾಸಿಸಿದರು. ಪರೀಕ್ಷೆಯ ಸಮಯದಲ್ಲಿ ವೈರಾಣು ತಗುಲಿದ ಕಣಗಳನ್ನು ಕೊಲ್ಲುವ ಶಕ್ತಿ ಇಳಿದಿತ್ತು. (ಅದೇ 1984ರಲ್ಲಿ ಅಂದಿನ ಬಿಜಾಪುರದಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು ಆರಂಭವಾಯಿತೆಂಬುದು ನಮಗೆ ಸಂತೋಷದ ನೆನಪು.) 1991ರಲ್ಲಿ ಶೆಲ್ಡನ್ ಕೋಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಾಣು ಹಾಕಿ ನೋಡಿದಾಗ, ಒತ್ತಡ ಹೆಚ್ಚಿದ್ದವರಿಗೆ ಸೋಂಕು ಹೆಚ್ಚಾಗಿ ತಗುಲಿತು. 1995ರಲ್ಲಿ ಮರೆಗುಳಿ ರೋಗದ ಬಂಧುಗಳನ್ನು ಆರೈಕೆ ಮಾಡುವ ಮಹಿಳೆಯರ ಸಣ್ಣ ಗಾಯ ಮಾಯಲು ಇತರರಿಗಿಂತ ಸರಾಸರಿ 9 ದಿನ ಹೆಚ್ಚು ಬೇಕಾಯಿತು.

ನಮಗೆ ಪಾಠವೇನು?

ಹಿರಿಯರೇ, ಪರೀಕ್ಷೆಯ ಹೊತ್ತಿಗೆ ಮಗುವಿಗೆ ಜ್ವರ ಬಂದರೆ ಅದನ್ನು ನೆವವೆಂದು ತಳ್ಳಿಹಾಕಬೇಡಿ. ಅಂಜಿಕೆಯನ್ನು ಈಮಾನಿನ ಕೊರತೆ ಎಂದೂ ಜರೆಯಬೇಡಿ. ಮನೆಯಲ್ಲಿ ರೋಗಿಯ ಸೇವೆ ಮಾಡುವ ಹೆಣ್ಣುಮಗಳ ಹೊರೆಯನ್ನು ಗಂಡಸರೂ ಹಂಚಿಕೊಳ್ಳಲಿ. ಅದು ಉಪಕಾರವಲ್ಲ, ಆಕೆಯ ಆರೋಗ್ಯದ ಹಕ್ಕು.

ವಿದ್ಯಾರ್ಥಿ ಮಿತ್ರರೇ, ಲಚ್ಯಾಣದಿಂದ ರೈಲು ಹತ್ತಿ ಇಂಡಿ, ವಿಜಯಪುರಗಳಿಗೆ ಓದಲು ಹೋಗುವ ನೀವು ರಾತ್ರಿ ನಿದ್ದೆ ಕೆಟ್ಟು ಕೊನೆಯ ವಾರದಲ್ಲಿ ಎಲ್ಲವನ್ನೂ ಓದಲು ಹೊರಡಬೇಡಿ. ವರ್ಷವಿಡೀ ಸ್ವಲ್ಪ ಸ್ವಲ್ಪ ಓದಿ, ಸಮಯಕ್ಕೆ ಮಲಗಿ, ನಮಾಜಿನ ನಂತರ ಒಂದಷ್ಟು ಹೊತ್ತು ನಡೆಯಿರಿ. ಅಂಜಿಕೆಯಾದರೆ ಗುರುಗಳಿಗೆ, ತಾಯಿಗೆ ಹೇಳಿಕೊಳ್ಳಿ. ಆದರೆ ಮನೋಬಲವೊಂದೇ ಸಾಕೆಂದು ಔಷಧವನ್ನೂ ಲಸಿಕೆಯನ್ನೂ ಬಿಡುವುದು ತಪ್ಪು. ಜ್ವರ ನಿಲ್ಲದಿದ್ದರೆ ವೈದ್ಯರ ಬಳಿಗೇ ಹೋಗಬೇಕು.

ಬೆಂಗಳೂರಿನ ನಿಮ್ಹಾನ್ಸ್, ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ, ನಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜುಗಳ ಬಾಗಿಲುಗಳು ನಿಮಗಾಗಿ ತೆರೆದಿವೆ. ಬಲ್ಖಿ ಕೇಳಿದ ಪ್ರಶ್ನೆಗೆ ಮುಂದಿನ ಉತ್ತರ ಭೀಮಾತೀರದ ಯಾವುದಾದರೂ ಮಗುವಿನಿಂದ ಬರಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ವಿದ್ಯೆಯನ್ನೂ ಮನಸ್ಸಿನ ನೆಮ್ಮದಿಯನ್ನೂ ಕರುಣಿಸಲಿ. ಆಮೀನ್.