ತದ್ರೂಪಿ ಗಣಕಗಳೂ ಕನ್ನಡ ಲಿಪಿಯೂ

ಪೊನ್ನನ ಶಾಂತಿಪುರಾಣವು ನಶಿಸಿಹೋಗಬಾರದೆಂದು ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಪ್ರತಿಮಾಡಿಸುವುದು ಆ ಕಾಲಕ್ಕೆ ಪುಣ್ಯಕಾರ್ಯವಾಗಿದ್ದಿತು. ಯಂತ್ರಗಳ ಲೋಕದಲ್ಲಿಯಾದರೋ ‘ನಕಲು’ ಎಂಬುದು ನಿಂದೆಯ ಮಾತು. ಆದರೆ ಕನ್ನಡ ಲಿಪಿಯು ಗಣಕದ ತೆರೆಯ ಮೇಲೆ ಮೂಡಿದ ಬಗೆಯನ್ನು ವಿಚಾರಿಸಿದರೆ, ಅದು ಬಹುಮಟ್ಟಿಗೆ ಮೂಲಯಂತ್ರದ ಮೂಲಕ ಬಂದುದಲ್ಲ, ತದ್ರೂಪಿ ಯಂತ್ರದ ಮೂಲಕ ಬಂದುದೆಂಬುದು ವಿದಿತವಾಗುತ್ತದೆ.

ಮೂಲಯಂತ್ರವೆಂದರೆ ಅಮೆರಿಕದ ಐ.ಬಿ.ಎಂ. ಸಂಸ್ಥೆಯು 1981ರ ಆಗಸ್ಟ್ 12ರಂದು ಪ್ರಕಟಿಸಿದ ಪರ್ಸನಲ್ ಕಂಪ್ಯೂಟರ್. ಸುಮಾರು ಒಂದು ವರ್ಷದ ಅವಧಿಯಲ್ಲಿ ಅದನ್ನು ಸಿದ್ಧಪಡಿಸಬೇಕಾಗಿದ್ದುದರಿಂದ ಆ ಸಂಸ್ಥೆಯು ಪೇಟೆಯಲ್ಲಿ ದೊರೆಯುವ ಅಂಗಗಳನ್ನೇ ಕೂಡಿಸಿತು. 8088 ಪ್ರೊಸೆಸರ್ ಇಂಟೆಲ್‌ನದು, ಡಾಸ್ ಮೈಕ್ರೋಸಾಫ್ಟ್‌ನದು. ಹೊರಗಿನವರು ಮಾಡಿದ ಕಾರ್ಡುಗಳನ್ನು ಸಿಕ್ಕಿಸಲು ಐದು ಸ್ಲಾಟುಗಳನ್ನು ತೆರೆದಿಟ್ಟು, ಮಂಡಲದ ನಕ್ಷೆಯನ್ನೂ ಅಚ್ಚುಹಾಕಿಸಿತು. ತನ್ನದೆಂದು ಗಟ್ಟಿಯಾಗಿ ಹಿಡಿದುಕೊಂಡುದು ‘ಬಯಾಸ್’ ಎಂಬ ಪುಟ್ಟ ಕ್ರಮವಿಧಿಯೊಂದನ್ನೇ. ಅದನ್ನೂ ಅಚ್ಚುಹಾಕಿಸಿದ್ದಿತು, ಆದರೆ ಆ ಔದಾರ್ಯದಲ್ಲಿಯೇ ಒಂದು ಉರುಲಿದ್ದಿತು. ಓದಿ ಬರೆದುಕೊಂಡವನು ಹಕ್ಕುಸ್ವಾಮ್ಯವನ್ನು ಮುರಿದವನಾಗುತ್ತಿದ್ದನು. ಚಿಪ್ಪಿನೊಳಗಿನ ಕ್ರಮವಿಧಿಗೂ ಹಕ್ಕುಸ್ವಾಮ್ಯವುಂಟೆಂದು 1983ರಲ್ಲಿ ಆಪಲ್ ಮತ್ತು ಫ್ರಾಂಕ್ಲಿನ್ ಸಂಸ್ಥೆಗಳ ವ್ಯಾಜ್ಯದಲ್ಲಿ ಅಮೆರಿಕದ ನ್ಯಾಯಾಲಯವು ತೀರ್ಪಿತ್ತಿತು.

ಇದಕ್ಕೆ ಕಂಡುಕೊಂಡ ಉಪಾಯವು ವಿಲಕ್ಷಣವಾದುದು. ಒಂದು ತಂಡವು ಮೂಲವನ್ನು ಓದಿ, ಅದು ಏನು ಮಾಡುತ್ತದೆಂಬುದನ್ನಷ್ಟೇ ಬರೆದುಕೊಡುವುದು. ಮೂಲವನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ತಂಡವು ಆ ವಿವರಣೆಯಿಂದ ಹೊಸದನ್ನು ರಚಿಸುವುದು. ಹಳೆಯ ಲಿಪಿಕಾರನು ಅಕ್ಷರವನ್ನು ನೋಡಿ ಬರೆದನು. ಈ ಹೊಸ ಲಿಪಿಕಾರನು ನೋಡದೆಯೇ ಬರೆಯಬೇಕಾಯಿತು! ಕೊಲಂಬಿಯಾ ಡೇಟಾ ಪ್ರಾಡಕ್ಟ್ಸ್, ಕಾಂಪ್ಯಾಕ್ ಸಂಸ್ಥೆಗಳು 1982ರಲ್ಲಿಯೇ ತದ್ರೂಪಿಗಳನ್ನು ಪ್ರಕಟಿಸಿದುವು. 1984ರಲ್ಲಿ ಫೀನಿಕ್ಸ್ ಸಂಸ್ಥೆಯು ಇಂತಹ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿದ ಮೇಲೆ ತದ್ರೂಪಿಗಳ ಕಟ್ಟೆಯೊಡೆಯಿತು.

ಭಾರತದಲ್ಲಿ ಈ ಕಥೆಗೆ ಬೇರೊಂದು ತಿರುವುಂಟು. ವಿದೇಶಿ ವಿನಿಮಯ ನಿಯಂತ್ರಣ ಶಾಸನದ ಮೇರೆಗೆ ಸರಕಾರವು ಒಡೆತನವನ್ನು ಕಡಮೆಮಾಡಿಕೊಳ್ಳುವಂತೆ ಕೇಳಿದಾಗ ಐ.ಬಿ.ಎಂ. ಒಪ್ಪದೆ 1978ರಲ್ಲಿ ದೇಶವನ್ನು ಬಿಟ್ಟುಹೋಯಿತು. ಮರಳಿ ಬಂದುದು 1992ರಲ್ಲಿ, ಟಾಟಾ ಸಂಸ್ಥೆಯ ಜೊತೆಗೂಡಿ. ಎಂದರೆ ಅದರ ಪರ್ಸನಲ್ ಕಂಪ್ಯೂಟರ್ ಹುಟ್ಟಿ ಬೆಳೆದ ಕಾಲದಲ್ಲಿ ಹುಟ್ಟಿಸಿದವರು ಇಲ್ಲಿರಲಿಲ್ಲ. ಆ ತೆರವನ್ನು ತದ್ರೂಪಿಗಳು ತುಂಬಿದುವು. 1984ರ ನವೆಂಬರಿನ ಹೊಸ ಗಣಕ ನೀತಿಯು ಬಿಡಿಭಾಗಗಳ ಆಮದನ್ನು ಸಡಿಲಿಸಿತು. ಮಿನಿಕಾಂಪ್‌ನ ‘ನೆಪ್ಚೂನ್’, ಎಚ್.ಸಿ.ಎಲ್.ನ ‘ಬಿಜಿಬೀ’, ಸ್ಟರ್ಲಿಂಗ್‌ನ ‘ಶಿವ’ ಪೇಟೆಗಿಳಿದುವು. ಕೊನೆಯದು ಸುಮಾರು 33,000 ರೂಪಾಯಿಗಳ ಬೆಲೆಯಿಂದ ಉಳಿದವರನ್ನು ಬೆಚ್ಚಿಬೀಳಿಸಿತು. ಬೆಂಗಳೂರಿನ ವಿಪ್ರೋ ಸಂಸ್ಥೆಯೂ ಈ ಉದ್ಯಮಕ್ಕಿಳಿದು 2013ರವರೆಗೆ ಮುಂದುವರಿಸಿತು. ಇವುಗಳನ್ನು ಸ್ವದೇಶಿ ಎಂದು ಕರೆದುದುಂಟು. ಒಳಗಿನ ಚಿಪ್ಪುಗಳೆಲ್ಲ ಹೊರದೇಶದವು.

ತರುವಾಯ ಕಂಪನಿಯ ಹೆಸರೂ ಬೇಕಿಲ್ಲದಾಯಿತು. ಹತ್ತಾರು ಚಿಪ್ಪುಗಳ ಕೆಲಸವು ನಾಲ್ಕೈದರಲ್ಲಿ ಅಡಕವಾದುದರಿಂದ, ಸ್ಕ್ರೂಡ್ರೈವರ್ ಹಿಡಿಯಬಲ್ಲವನೆಲ್ಲ ತಯಾರಕನಾದನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಿರಾಕಿಯು ಡಬ್ಬ, ಬೋರ್ಡು, ಡಿಸ್ಕುಗಳನ್ನು ಬೇರೆಬೇರೆಯಾಗಿ ಆರಿಸಿ ‘ಅಸೆಂಬಲ್ಡ್’ ಯಂತ್ರವನ್ನು ಮನೆಗೊಯ್ಯುವುದು ವಾಡಿಕೆಯಾಯಿತು. ಅಂಗಡಿಯವನ ಮಾತೇ ಖಾತರಿ.

ಇಂಥ ಡಬ್ಬದೊಳಕ್ಕೆ ಕನ್ನಡ ಪ್ರವೇಶಿಸಿದ ಬಗೆ ಗಮನಿಸತಕ್ಕುದು. ಯಂತ್ರದ ಅಕ್ಷರಕೋಶದಲ್ಲಿದ್ದುದು 256 ರೂಪಗಳು, ಅವೂ ರೋಮನ್ನಿಗೆ ತಕ್ಕುವು. ಒಂದೊಂದಕ್ಕೂ ಒಂದೇ ಅಳತೆಯ ಮನೆ. ಅಕ್ಷರದ ಕೆಳಕ್ಕಿಳಿಯುವ ಒತ್ತಿಗೆ, ಪಕ್ಕಕ್ಕೆ ಚಾಚುವ ಕೊಂಬು ದೀರ್ಘಗಳಿಗೆ ಅಲ್ಲಿ ಎಡೆಯಿಲ್ಲ. ಐ.ಐ.ಟಿ. ಕಾನ್ಪುರದಲ್ಲಿ ಮೊದಲುಗೊಂಡು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡು ಈ ತೊಡಕನ್ನು ಬಿಡಿಸಿತು. ತೆರೆದ ಸ್ಲಾಟಿನಲ್ಲಿ ಸಿಕ್ಕಿಸಿದೊಡನೆ ಅದು ಭಾರತೀಯ ಲಿಪಿಗಳನ್ನು ತೆರೆಯ ಮೇಲೆ ಬಿಡಿಸುತ್ತಿದ್ದಿತು. ಇದಕ್ಕೆ ಆಧಾರವಾದ ‘ಇಸ್ಕಿ’ ಸಂಕೇತದಲ್ಲಿ ಎಲ್ಲ ಲಿಪಿಗಳ ‘ಕ’ಕಾರಕ್ಕೂ ಒಂದೇ ಅಂಕೆ. ಆದ್ದರಿಂದ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಹಗಲು ಗುಜರಾತಿಯಲ್ಲಿ ಲೆಕ್ಕಪತ್ರ ಬರೆಯುವ ಯಂತ್ರವು ಸಂಜೆ ಕನ್ನಡ ಬರೆಯಲು ಶಕ್ತವಾಗಿದ್ದಿತು. ಕನ್ನಡದ ಅಚ್ಚುಮೊಳೆಗಳು ಸುಲಭವಾಗಿ ದೊರೆಯದ ಊರಿನ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ಕಾರ್ಡಿನ ಹಂಗಿಲ್ಲದೆ, ಕ್ರಮವಿಧಿಯಿಂದಲೇ ಕನ್ನಡವನ್ನು ಮೂಡಿಸಿದವರಲ್ಲಿ ಕೆ. ಪಿ. ರಾವ್ ಅವರು ಪ್ರಮುಖರು. ತಮ್ಮ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು.

ತದ್ರೂಪಿಗಳನ್ನು ಮಾಡಿದವರಿಗೆ ಕನ್ನಡದ ಮೇಲೆ ಪ್ರೀತಿಯಿದ್ದಿತೆಂದು ಇದರಿಂದ ಹೇಳಲಾಗದು. ಅವರು ನೋಡಿದುದು ಲಾಭವನ್ನು. ಆದರೆ ಯಾರೊಬ್ಬರ ಅಪ್ಪಣೆಯನ್ನೂ ಬೇಡದ ಯಂತ್ರ, ಅಗ್ಗದ ಬೆಲೆ, ತೆರೆದ ಸ್ಲಾಟು ಇವು ಒಟ್ಟುಗೂಡಿದುದರಿಂದ ಕನ್ನಡಕ್ಕೆ ದುಡಿಯಬಲ್ಲವರ ಕೈಗೆ ಸಾಧನವು ದೊರಕಿತು. 1987ರಲ್ಲಿ ಐ.ಬಿ.ಎಂ. ಹೊಸ ಬಗೆಯ ಸ್ಲಾಟನ್ನು ತಂದು ತದ್ರೂಪಿಗಳಿಗೆ ತಡೆಯೊಡ್ಡಲು ನೋಡಿತು. ಪೇಟೆಯು ಅದನ್ನು ಹಿಂಬಾಲಿಸಲಿಲ್ಲ. 2005ರಲ್ಲಿ ಆ ಸಂಸ್ಥೆಯು ಪಿ.ಸಿ. ವಿಭಾಗವನ್ನೇ ಚೀನಾದ ಲೆನೊವೊಗೆ ಮಾರಿತು. ಜಿಸ್ಟ್ ಕಾರ್ಡುಗಳೂ ಮೂಲೆಗೆ ಸೇರಿದುವು. ಅವುಗಳಿಗೆ ಆಧಾರವಾಗಿದ್ದ ಇಸ್ಕಿಯ 1988ರ ಅಕ್ಷರಕ್ರಮವನ್ನು ಮಾತ್ರ ಯುನಿಕೋಡಿನ ಕನ್ನಡ ವಿಭಾಗವು ಅನುಸರಿಸಿತು. ಇಂದಿನ ಕೈಫೋನುಗಳಲ್ಲಿಯೂ ಕನ್ನಡದ ಅಕ್ಷರಗಳು ಆ ಕ್ರಮದಲ್ಲಿಯೇ ಕುಳಿತಿವೆ.